ವಿದೇಶಾಂಗ ನೀತಿ ಚರ್ಚೆಗಳನ್ನು ನೋಡಿ ತಲೆ ಕೆಟ್ಟಿದೆ, ಯಾರ ಮಾತು ನಂಬೋದು?

ತಿಪಟೂರು_ಹುಡುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ, ಭಾರತ ರಷ್ಯಾದ ಎಣ್ಣೆ ಕೊಳ್ಳುವುದು ಸರಿಯಾ ಎಂಬ ಜಗಳ ಶುರುವಾದರೆ ಡಬ್ಬಿ ತೊಳೆಯುವವರೆಗೂ ನಡೆಯುತ್ತದೆ. ಒಬ್ಬರು ಜೈಶಂಕರ್ ಅವರ ವಿಡಿಯೊ ತುಣುಕು ಹಿಡಿದು ಬರುತ್ತಾರೆ, ಯೂರೋಪಿನವರ ಬಾಯಿ ಹೇಗೆ ಮುಚ್ಚಿಸಿದರು ನೋಡಿ ಅಂತ. ಇನ್ನೊಬ್ಬರು ಅಮೆರಿಕದ ಯಾವುದೋ ಪ್ರೊಫೆಸರ್ ಹೇಳಿದ್ದನ್ನು ತೋರಿಸುತ್ತಾರೆ. ಎರಡೂ ಕಡೆ ತಲೆಯಾಡಿಸಿ ನನಗೆ ಸಾಕಾಯಿತು. ತುಣುಕು ಬಿಟ್ಟು ಪೂರ್ತಿ ಚರ್ಚೆಗಳನ್ನೇ ನೋಡೋಣ ಅಂತ ಕೂತೆ.

ಮೊದಲು ಸಿಕ್ಕಿದ್ದು ಕೆನಡಾದ ಮಂಕ್ ಡಿಬೇಟ್ಸ್. 2022ರ ಮೇ ತಿಂಗಳಿನದು. ಉಕ್ರೇನ್ ಬಿಕ್ಕಟ್ಟು ಮುಗಿಯಬೇಕಾದರೆ ಮೊದಲು ರಷ್ಯಾದ ಭದ್ರತೆಯ ಆತಂಕಗಳನ್ನು ಒಪ್ಪಿಕೊಳ್ಳಬೇಕು ಅನ್ನುವುದು ವಿಷಯ. ಪರವಾಗಿ ಅಮೆರಿಕದ ಪ್ರೊಫೆಸರುಗಳಾದ ಜಾನ್ ಮಿಯರ್‌ಶೈಮರ್ ಮತ್ತು ಸ್ಟೀಫನ್ ವಾಲ್ಟ್. ವಿರೋಧವಾಗಿ ಮಾಸ್ಕೋದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೈಕಲ್ ಮೆಕ್‌ಫಾಲ್, ಪೋಲೆಂಡಿನ ವಿದೇಶಾಂಗ ಸಚಿವರಾಗಿದ್ದ ರಾಡೆಕ್ ಸಿಕೋರ್‌ಸ್ಕಿ. ಮಿಯರ್‌ಶೈಮರ್ ನೇಟೋ, ಅಂದರೆ ಅಮೆರಿಕ ಮತ್ತು ಯೂರೋಪಿನ ಸೇನಾ ಒಕ್ಕೂಟದ ವಿಸ್ತರಣೆ ಬಗ್ಗೆ ಹೇಳುವಾಗ ಹೌದಲ್ವಾ ಅನ್ನಿಸಿತು. ಸಿಕೋರ್‌ಸ್ಕಿ ಎದ್ದು ಮಾತಾಡಿದಾಗ ಅದೂ ಹೌದಲ್ವಾ ಅನ್ನಿಸಿತು. ನಾಲ್ಕೂ ಜನ ಓದಿಕೊಂಡವರು, ನಾಲ್ಕೂ ಜನರ ಹತ್ತಿರ ಉದಾಹರಣೆಗಳಿವೆ, ಆದರೆ ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಸಂಬಂಧವೇ ಇಲ್ಲ.

ಆಮೇಲೆ ದೆಹಲಿಯಲ್ಲಿ ನಡೆಯುವ ವಿದೇಶಾಂಗ ನೀತಿ ಸಮ್ಮೇಳನ ರೈಸಿನಾ ಡೈಲಾಗ್‌ನ ಒಂದೆರಡು ಗೋಷ್ಠಿ ನೋಡಿದೆ. ಅಲ್ಲಿ ಎಲ್ಲರೂ ಎಲ್ಲರಿಗೂ ಥ್ಯಾಂಕ್ಸ್ ಹೇಳುವುದರಲ್ಲೇ ಅರ್ಧ ಹೊತ್ತು ಹೋಯಿತು. ನಮ್ಮ ಕನ್ನಡ ಟಿವಿಯ ಚರ್ಚೆ ಬಗ್ಗೆ ಹೇಳುವುದೇ ಬೇಡ, ಎಂಟು ಕಿಟಕಿ, ಎಂಟೂ ಕಿಟಕಿಯಲ್ಲಿ ಒಂದೇ ಸಲ ಕಿರುಚಾಟ, ಹಿಂದೆ ಯಾವುದೋ ಕ್ಷಿಪಣಿಯ ಗ್ರಾಫಿಕ್ಸ್.

ನನ್ನ ಪ್ರಶ್ನೆ ಇಷ್ಟೇ. ಈ ಚರ್ಚೆಗಳಿಂದ ನಿಜವಾಗಿ ಏನಾದರೂ ಬದಲಾಗುತ್ತದಾ, ಇಲ್ಲ ಸುಮ್ನೆ ಮನರಂಜನೆಯಾ? ನನ್ನಂಥವನು, ಅಂದರೆ ಬಿ.ಕಾಂ ಓದಿ ಬೇರೆ ಕೆಲಸ ಮಾಡಿಕೊಂಡಿರುವವನು, ಯಾವ ತಜ್ಞರ ಮಾತನ್ನು ಹೇಗೆ ತೂಗಬೇಕು?

ಒಂಟಾರಿಯೊ_ಗೌಡ

ಟೊರೊಂಟೊ ಪಕ್ಕದಲ್ಲೇ ಇದ್ದೇನೆ, ಹಾಗಾಗಿ ಮಂಕ್ ಬಗ್ಗೆ ನಾನು ಹೇಳುತ್ತೇನೆ.

ಬ್ಯಾರಿಕ್ ಗೋಲ್ಡ್ ಎಂಬ ಚಿನ್ನದ ಗಣಿ ಕಂಪನಿ ಕಟ್ಟಿದ ಪೀಟರ್ ಮಂಕ್ ಅವರ ದುಡ್ಡಿನಲ್ಲಿ 2008ರಲ್ಲಿ ಶುರುವಾದ ಕಾರ್ಯಕ್ರಮ ಇದು. ಟಿಕೆಟ್ ಕೊಂಡು ಹೋಗಿ ಕೂರುವುದು. ಶುರುವಿಗೆ ಮುಂಚೆ ಒಂದು ವೋಟು, ಮುಗಿದ ಮೇಲೆ ಇನ್ನೊಂದು ವೋಟು. ಕೊನೆಗೆ ಯಾರಿಗೆ ಜಾಸ್ತಿ ವೋಟು ಬಂತು ಎಂದು ನೋಡುವುದಿಲ್ಲ. ಯಾರು ಜಾಸ್ತಿ ಜನರನ್ನು ತಮ್ಮ ಕಡೆ ಎಳೆದುಕೊಂಡರು ಎಂದು ನೋಡುತ್ತಾರೆ. ಈ ನಿಯಮ ಗೊತ್ತಿಲ್ಲದೆ ನೋಡಿದರೆ ಫಲಿತಾಂಶ ಅರ್ಥವೇ ಆಗುವುದಿಲ್ಲ.

2011ರ ಜೂನ್‌ನಲ್ಲಿ ನಡೆದದ್ದನ್ನು ಹುಡುಕಿ ನೋಡಿ. 21ನೇ ಶತಮಾನ ಚೀನಾದ್ದು ಅನ್ನುವುದು ವಿಷಯ. ಹೌದು ಎಂದವರು ಇತಿಹಾಸಕಾರ ನೀಲ್ ಫರ್ಗ್ಯುಸನ್ ಮತ್ತು ಚೀನಾದ ಅರ್ಥಶಾಸ್ತ್ರಜ್ಞ ಡೇವಿಡ್ ಲಿ. ಅಲ್ಲ ಎಂದವರು ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಹೆನ್ರಿ ಕಿಸಿಂಜರ್ ಮತ್ತು ಪತ್ರಕರ್ತ ಫರೀದ್ ಜಕಾರಿಯಾ. ಕಿಸಿಂಜರ್‌ಗೆ ಆಗ 88 ವರ್ಷ. ಅಮೆರಿಕಕ್ಕೆ ಚೀನಾದ ಬಾಗಿಲು ತೆರೆಸಿದ ಮನುಷ್ಯನೇ ಬಂದು, ಚೀನಾಕ್ಕೆ ಒಳಗಿನ ತಾಪತ್ರಯಗಳೇ ಬೇಕಾದಷ್ಟಿವೆ, ಜಗತ್ತನ್ನು ಆಳುವಷ್ಟು ಪುರುಸೊತ್ತು ಅದಕ್ಕಿಲ್ಲ ಅನ್ನುವ ಅರ್ಥದಲ್ಲಿ ವಾದ ಮಾಡಿದರೆ ಸಭೆ ಕೇಳದೆ ಇರುತ್ತದಾ? ಮೊದಲು ಹೌದು ಎಂದವರು ನೂರಕ್ಕೆ 39, ಅಲ್ಲ ಎಂದವರು 40, ಗೊತ್ತಿಲ್ಲ ಎಂದವರು 21. ಮುಗಿದ ಮೇಲೆ 38 ಮತ್ತು 62. ಅಂದರೆ ಗೊತ್ತಿಲ್ಲ ಎಂದಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿಸಿಂಜರ್ ಕಡೆ ಹೋದರು.

ಸರಿ, ಆ ದಿನ ಗೆದ್ದರು. ಆದರೆ ಅವರು ಹೇಳಿದ್ದು ನಿಜವಾಯಿತಾ? ಅದನ್ನು ಹೇಳಲು ಆಗುವುದೇ ಇಲ್ಲ. ಶತಮಾನ ಮುಗಿಯಲು ಇನ್ನೂ ಮುಕ್ಕಾಲು ಪಾಲು ಇದೆ! ಇಂಥ ವಿಷಯಗಳನ್ನು ಆರಿಸುವುದೇ ಅದಕ್ಕೆ, ಯಾರೂ ಸೋಲುವುದಿಲ್ಲ. ಸಭೆಯನ್ನು ಒಲಿಸಿಕೊಳ್ಳುವುದು ಒಂದು ವಿದ್ಯೆ, ಮುಂದೆ ಏನಾಗುತ್ತದೆ ಎಂದು ಸರಿಯಾಗಿ ಹೇಳುವುದು ಬೇರೆಯೇ ವಿದ್ಯೆ. ಎರಡೂ ಇರುವವರು ಕಡಿಮೆ.

ಹಾಗಂತ ನೋಡಬೇಡಿ ಎನ್ನುತ್ತಿಲ್ಲ. ನನಗಂತೂ ಇಷ್ಟ. ಎದುರಾಳಿ ಪಕ್ಕದಲ್ಲೇ ಕೂತಿರುವಾಗ ಸುಳ್ಳು ಹೇಳುವುದು ಸ್ವಲ್ಪ ಕಷ್ಟ. ರೈಸಿನಾದಂಥ ಕಡೆ ಆ ಕಷ್ಟ ಇಲ್ಲ, ಅಲ್ಲಿ ಎಲ್ಲರೂ ಅತಿಥಿಗಳು.

ಲೆಕ್ಕ_ಪಕ್ಕಾ

ಚುಟುಕಾಗಿ ಹೇಳುತ್ತೇನೆ.

ಫಿಲಿಪ್ ಟೆಟ್‌ಲಾಕ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರ್ 1980ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದರು. 284 ತಜ್ಞರನ್ನು ಹಿಡಿದು, ರಾಜಕೀಯ ಮತ್ತು ಅಂತರರಾಷ್ಟ್ರೀಯ ವಿಷಯಗಳಲ್ಲಿ ಹೀಗಾಗುತ್ತದಾ, ಹಾಗಾಗುತ್ತದಾ, ಎಷ್ಟು ಸಾಧ್ಯತೆ ಎಂದು ಸಾವಿರಾರು ಪ್ರಶ್ನೆ ಕೇಳಿ ಬರೆದಿಟ್ಟುಕೊಂಡರು. ಕಾಲ ಬಂದಾಗ ತಾಳೆ ನೋಡಿದರು. ಫಲಿತಾಂಶ 2005ರಲ್ಲಿ ಹೊರಬಂತು. ಬಹಳ ಜನ ತಜ್ಞರು ಕಣ್ಣು ಮುಚ್ಚಿ ಊಹೆ ಮಾಡಿದ್ದಕ್ಕಿಂತ ಹೆಚ್ಚೇನೂ ಚೆನ್ನಾಗಿ ಹೇಳಿರಲಿಲ್ಲ. ಅದಕ್ಕಿಂತ ಮಜಾ ಅಂದರೆ ಟಿವಿ, ಪತ್ರಿಕೆಗಳಲ್ಲಿ ಜಾಸ್ತಿ ಹೆಸರು ಮಾಡಿದವರದ್ದೇ ಇನ್ನೂ ಕಳಪೆ. ಎಲ್ಲವನ್ನೂ ಒಂದೇ ದೊಡ್ಡ ಸಿದ್ಧಾಂತದಿಂದ ವಿವರಿಸುವವರು ಹೆಚ್ಚು ತಪ್ಪಿದರು. "ಇದೂ ಇರಬಹುದು, ಅದೂ ಇರಬಹುದು, ಆದರೆ" ಎಂದು ತಡವರಿಸುವವರು ಸ್ವಲ್ಪ ಪರವಾಗಿಲ್ಲ.

ಟಿವಿಗೆ ಬೇಕಾದದ್ದು ಮೊದಲನೇ ಜಾತಿಯವರು. ಯಾಕೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮಾಡುವುದು ಇಷ್ಟು: ಮಾತಿನಲ್ಲಿ ತಾರೀಖು ಇದೆಯಾ, ಅಂಕಿ ಇದೆಯಾ ನೋಡುತ್ತೇನೆ. "ಮುಂದಿನ ದಿನಗಳಲ್ಲಿ ಉದ್ವಿಗ್ನತೆ ಹೆಚ್ಚುವ ಸಾಧ್ಯತೆ ತಳ್ಳಿಹಾಕುವಂತಿಲ್ಲ" ಎನ್ನುವವರನ್ನು ಕೇಳಿಸಿಕೊಳ್ಳುವುದೇ ಇಲ್ಲ. ಅದು ಯಾವತ್ತೂ ಸುಳ್ಳಾಗುವುದಿಲ್ಲ. ನಮ್ಮ ಅಜ್ಜಿಯೂ ಹೇಳುತ್ತಿದ್ದರು.

ಏಲಕ್ಕಿ_ನಾಡು

ನೀವೆಲ್ಲ ಇದನ್ನು ವೋಟು, ಅಂಕಿ ಅಂತ ಮಾತಾಡುತ್ತಿದ್ದೀರಿ, ಇರಲಿ. ನನ್ನದು ಹಾವೇರಿ ಜಿಲ್ಲೆ. ನಮ್ಮ ಮನೆಯಲ್ಲಿ ಈ ತಜ್ಞರ ಮಾತು ನಂಬಬೇಕಾ ಬೇಡವಾ ಅನ್ನುವುದು ಒಂದು ವಿಮಾನದ ಟಿಕೆಟ್ಟಿನ ಪ್ರಶ್ನೆಯಾಗಿತ್ತು.

ನಮ್ಮ ಚಿಕ್ಕಪ್ಪನ ಮಗಳು 2022ರಲ್ಲಿ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಫೆಬ್ರವರಿ ಪೂರ್ತಿ ಮನೆಯಲ್ಲಿ ಟಿವಿ ಆರಿಸಲೇ ಇಲ್ಲ. ಅಮೆರಿಕದವರು ಯುದ್ಧ ಯಾವ ದಿನ ಬೇಕಾದರೂ ಶುರುವಾಗಬಹುದು ಎನ್ನುತ್ತಿದ್ದರು, ಫೆಬ್ರವರಿ 11ಕ್ಕೆ ತಮ್ಮವರಿಗೆ ಒಂದೆರಡು ದಿನದಲ್ಲಿ ಉಕ್ರೇನ್ ಬಿಡಿ ಎಂದೂ ಹೇಳಿದರು. ನಮ್ಮ ಟಿವಿಯಲ್ಲಿ ಕೂತವರು, ಇದೆಲ್ಲ ಅಮೆರಿಕದ ನಾಟಕ, ಪುಟಿನ್ ಹೆದರಿಸುತ್ತಿದ್ದಾರೆ ಅಷ್ಟೇ, ಈ ಕಾಲದಲ್ಲಿ ಯಾರು ಟ್ಯಾಂಕ್ ತಗೊಂಡು ಹೋಗುತ್ತಾರೆ ಎಂದರು. ಇರಾಕಿನ ವಿಷಯದಲ್ಲಿ ಅಮೆರಿಕ ಸುಳ್ಳು ಹೇಳಿತ್ತಲ್ಲ, ಈಗಲೂ ಅದೇ ಎಂದರು. ಚಿಕ್ಕಪ್ಪನಿಗೆ ಆ ಮಾತು ಸಮಾಧಾನ ಕೊಟ್ಟಿತು. ಸಮಾಧಾನ ಕೊಡುವ ಮಾತನ್ನೇ ಅಲ್ಲವೇನ್ರಿ ಯಾರಾದರೂ ನಂಬುವುದು?

ಫೆಬ್ರವರಿ 15ಕ್ಕೆ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಕಾರಣ ಇಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ಸದ್ಯಕ್ಕೆ ದೇಶ ಬಿಡುವುದನ್ನು ಯೋಚಿಸಿ ಎಂದು ಸೂಚನೆ ಹಾಕಿತು. ಯೋಚಿಸಿ ಅಂದರೆ ಏನರ್ಥ? ಕಾಲೇಜಿನವರು ಆನ್‌ಲೈನ್ ಕ್ಲಾಸ್ ಕೊಡುವುದಿಲ್ಲ, ಹಾಜರಿ ಬೇಕು ಎಂದರು. ಟಿಕೆಟ್ ದರ ಏರಿತ್ತು. 24ಕ್ಕೆ ಬೆಳಿಗ್ಗೆ ಯುದ್ಧ ಶುರುವಾಯಿತು. ಮಾರ್ಚ್ 1ಕ್ಕೆ ನಮ್ಮ ಜಿಲ್ಲೆಯದೇ ಹುಡುಗ ಅಲ್ಲಿ ಶೆಲ್ ದಾಳಿಗೆ ಸತ್ತ, ನೀವೆಲ್ಲ ಓದಿರುತ್ತೀರಿ. ಮರುದಿನ ರಾಯಭಾರ ಕಚೇರಿಯಿಂದ, ಸಂಜೆ ಆರರ ಒಳಗೆ ಖಾರ್ಕಿವ್ ಬಿಟ್ಟು ಪೆಸೊಚಿನ್, ಬಾಬಾಯೆ, ಬೆಜ್‌ಲ್ಯುಡೊವ್ಕಾ ಈ ಮೂರರಲ್ಲಿ ಒಂದು ಕಡೆ ಸೇರಿ, ಬಸ್ಸು ರೈಲು ಸಿಗದಿದ್ದರೆ ನಡೆದುಕೊಂಡಾದರೂ ಹೋಗಿ ಎಂದು ಸೂಚನೆ. ಆ ಮಕ್ಕಳು ಚಳಿಯಲ್ಲಿ ನಡೆದೇ ಹೋದರು. ನಮ್ಮ ಹುಡುಗಿ ವಾಪಸ್ ಬಂದಳು, ಅದು ನಮ್ಮ ಪುಣ್ಯ.

ಅವತ್ತು ನಾಟಕ ಎಂದು ಹೇಳಿದ ಮಹನೀಯರಲ್ಲಿ ಒಬ್ಬರು ಮಾರ್ಚ್‌ನಲ್ಲಿ ಅದೇ ಚಾನೆಲ್ಲಿನಲ್ಲಿ ಅದೇ ಕುರ್ಚಿಯಲ್ಲಿ ಕೂತು ಯುದ್ಧ ಯಾಕೆ ಆಗಲೇಬೇಕಿತ್ತು ಎಂದು ವಿವರಿಸುತ್ತಿದ್ದರು. ಯಾರೂ ಕೇಳಲಿಲ್ಲ. ಲೆಕ್ಕ_ಪಕ್ಕಾ ಅವರೇ, ನಿಮ್ಮ ಟೆಟ್‌ಲಾಕ್ ಇಲ್ಲಿಗೂ ಒಮ್ಮೆ ಬರಬೇಕಿತ್ತು.

ಖಾಲಿ_ಜೇಬು

ಅಕ್ಕ ಹೇಳಿದ್ದು ಸರಿ. ಆದರೆ ಟಿವಿಯವರು ಸಣ್ಣ ಮೀನು. ದೊಡ್ಡವರನ್ನು ನೋಡಿ.

ಥಿಂಕ್ ಟ್ಯಾಂಕ್, ಅಂದರೆ ನೀತಿಗಳ ಅಧ್ಯಯನ ಮಾಡಿ ಸಲಹೆ ಕೊಡುವ ಸಂಸ್ಥೆ, ಅಂದಾಗ ನನ್ನ ಮೊದಲ ಪ್ರಶ್ನೆ ಯಾರ ದುಡ್ಡು ಅನ್ನುವುದು. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು, ವಾಷಿಂಗ್‌ಟನ್ನಿನ ಹೆಸರಾಂತ ಸಂಸ್ಥೆಗಳಿಗೆ ನಾರ್ವೆ, ಕತಾರ್, ಯುಎಇ ಹೀಗೆ ಬೇರೆ ದೇಶಗಳ ಸರ್ಕಾರಗಳೇ ಕೋಟಿಗಟ್ಟಲೆ ಕೊಡುತ್ತವೆ ಅಂತ. ಸಿಂಗಪುರದ ಶಾಂಗ್ರಿ-ಲಾ ಡೈಲಾಗ್ ಎಂಬ ಭದ್ರತಾ ಸಮ್ಮೇಳನ ನಡೆಸುವ ಲಂಡನ್ನಿನ ಐಐಎಸ್‌ಎಸ್‌ಗೆ ಬಹ್ರೇನ್ ರಾಜಮನೆತನದಿಂದ 2.5 ಕೋಟಿ ಪೌಂಡ್ ಬಂದಿದೆ ಎಂಬ ದಾಖಲೆ 2016ರಲ್ಲಿ ಹೊರಬಿತ್ತು. ಅದೇ ಸಂಸ್ಥೆ ಬಹ್ರೇನ್‌ನಲ್ಲಿ ಮನಾಮಾ ಡೈಲಾಗ್ ಅಂತಲೂ ನಡೆಸುತ್ತದೆ. ಅಲ್ಲಿ ಬಹ್ರೇನ್ ಸರ್ಕಾರವನ್ನು ಬಿಸಿ ಬಿಸಿ ಪ್ರಶ್ನೆ ಕೇಳುತ್ತಾರೆ ಅಂದುಕೊಂಡಿದ್ದೀರಾ? ಅಮೆರಿಕದಲ್ಲಿ ಯುದ್ಧವಿಮಾನ, ಕ್ಷಿಪಣಿ ಮಾಡುವ ಕಂಪನಿಗಳ ಹೆಸರು ದಾನಿಗಳ ಪಟ್ಟಿಯಲ್ಲಿ ಧಾರಾಳವಾಗಿ ಇರುತ್ತದೆ. ನಮ್ಮಲ್ಲೂ ಅಷ್ಟೇ. ರೈಸಿನಾ ನಡೆಸುವ ಓಆರ್‌ಎಫ್ 1990ರಲ್ಲಿ ರಿಲಯನ್ಸ್ ಬೆಂಬಲದಿಂದ ಶುರುವಾದ ಸಂಸ್ಥೆ, 2016ರಿಂದ ವಿದೇಶಾಂಗ ಇಲಾಖೆಯ ಜೊತೆ ಸೇರಿ ಈ ಕಾರ್ಯಕ್ರಮ ಮಾಡುತ್ತಿದೆ. ಸರ್ಕಾರವೇ ಕರೆದ ಮದುವೆಗೆ ಹೋಗಿ ಅಡುಗೆ ಚೆನ್ನಾಗಿಲ್ಲ ಎಂದು ಯಾರು ಹೇಳುತ್ತಾರೆ?

ಹಾಗಾಗಿ ನನ್ನ ಉತ್ತರ: ಮನರಂಜನೆಯೂ ಅಲ್ಲ, ಜಾಹೀರಾತು.

ಮೇಷ್ಟ್ರು_ಮೈಸೂರು

ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಖಾಲಿ ಜೇಬಿನವರು ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಯಾರ ಮಾತನ್ನೂ ಕೇಳುವ ಹಾಗಿಲ್ಲ. ದುಡ್ಡು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಿ, ಆಮೇಲೂ ವಾದವನ್ನು ವಾದವಾಗಿ ಕೇಳಿ. ಪಿಂಚಣಿ ಸರ್ಕಾರದ್ದು ಅಂತ ನಾನು ಹೇಳುವುದೆಲ್ಲ ಸರ್ಕಾರದ ಪರವೇ?

ತಿಪಟೂರಿನವರ ಮೊದಲ ಪ್ರಶ್ನೆಗೆ ಬರುತ್ತೇನೆ, ಏನಾದರೂ ಬದಲಾಗುತ್ತದಾ ಅನ್ನುವುದಕ್ಕೆ. ತಕ್ಷಣಕ್ಕೆ ಬದಲಾಗುವುದಿಲ್ಲ. 1933ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೆಸರಾಂತ ಚರ್ಚಾ ಸಂಘವಾದ ಆಕ್ಸ್‌ಫರ್ಡ್ ಯೂನಿಯನ್‌ನಲ್ಲಿ ವಿದ್ಯಾರ್ಥಿಗಳು, ರಾಜನಿಗಾಗಿ ದೇಶಕ್ಕಾಗಿ ನಾವು ಯಾವ ಕಾರಣಕ್ಕೂ ಕಾದಾಡುವುದಿಲ್ಲ ಎಂದು 275ಕ್ಕೆ 153 ವೋಟಿನಿಂದ ನಿರ್ಣಯ ಮಾಡಿದರು. ಇಡೀ ಬ್ರಿಟನ್ ಹೌಹಾರಿತು. ಆರು ವರ್ಷದಲ್ಲಿ ಯುದ್ಧ ಬಂತು, ಅದೇ ಪೀಳಿಗೆಯ ಹುಡುಗರು ಹೋಗಿ ಕಾದಾಡಿದರು. ಅದೇ ಯೂನಿಯನ್‌ನಲ್ಲಿ 2015ರಲ್ಲಿ ಶಶಿ ತರೂರ್, ಬ್ರಿಟನ್ ತನ್ನ ಹಳೆಯ ವಸಾಹತುಗಳಿಗೆ ಪರಿಹಾರ ಕೊಡಬೇಕು ಎಂದು ವಾದಿಸಿದರು. ಅವರ ಕಡೆ 185, ಎದುರು 56. ಬ್ರಿಟನ್ ಒಂದು ಪೌಂಡೂ ಬಿಚ್ಚಲಿಲ್ಲ. ಆದರೆ ನನ್ನ ವಿದ್ಯಾರ್ಥಿಗಳು ಪಠ್ಯದಲ್ಲಿ ಇದ್ದರೂ ಓದದೇ ಇದ್ದ ಬಂಗಾಳದ ಬರಗಾಲವನ್ನು ಆ ವಿಡಿಯೊ ನೋಡಿ ಬಂದು ನನ್ನ ಹತ್ತಿರ ಕೇಳಿದರು. ಇದನ್ನೂ ಬದಲಾವಣೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಇನ್ನು ನಿಜವಾದ ಕೆಲಸ ನಡೆಯುವುದು ಬಾಗಿಲು ಮುಚ್ಚಿದ ಕೋಣೆಗಳಲ್ಲಿ. ಲಂಡನ್ನಿನ ಚಾಟಮ್ ಹೌಸ್ 1920ರಲ್ಲಿ ಹುಟ್ಟಿದ ವಿದೇಶಾಂಗ ಅಧ್ಯಯನ ಸಂಸ್ಥೆ. 1927ರಲ್ಲಿ ಅವರು ಮಾಡಿದ ನಿಯಮವನ್ನು ಇವತ್ತು ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ: ಇಲ್ಲಿ ಕೇಳಿದ್ದನ್ನು ಹೊರಗೆ ಬಳಸಿಕೊಳ್ಳಿ, ಆದರೆ ಹೇಳಿದವರು ಯಾರು, ಯಾವ ಕಡೆಯವರು ಎಂದು ಹೇಳಬೇಡಿ. ಅಧಿಕಾರಿಗಳು ಸ್ವಂತ ಅಭಿಪ್ರಾಯ ಹೇಳಬೇಕೆಂದರೆ ಅಷ್ಟು ರಕ್ಷಣೆ ಬೇಕಾಗುತ್ತದೆ. ಮ್ಯೂನಿಕ್ ಭದ್ರತಾ ಸಮ್ಮೇಳನಕ್ಕೆ 1963ರಿಂದ ಮಂತ್ರಿಗಳು ಹೋಗುವುದು ವೇದಿಕೆಯ ಭಾಷಣಕ್ಕೆ ಮಾತ್ರ ಅಲ್ಲ, ಆ ಹೋಟೆಲಿನ ಕೋಣೆಗಳಲ್ಲಿ ಒಂದರ ಹಿಂದೆ ಒಂದು ನಡೆಯುವ ಅರ್ಧ ಗಂಟೆಯ ಭೇಟಿಗಳಿಗೆ. ನಮಗೆ ಕಾಣುವುದು ವೇದಿಕೆ ಮಾತ್ರ.

ಆ ವೇದಿಕೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2007ರ ಫೆಬ್ರವರಿ 10ರಂದು ಪುಟಿನ್ ಮ್ಯೂನಿಕ್‌ನಲ್ಲಿ ನಿಂತು, ಒಂದೇ ಯಜಮಾನ ಇರುವ ಜಗತ್ತನ್ನು ಒಪ್ಪುವುದಿಲ್ಲ, ನೇಟೋ ವಿಸ್ತರಣೆ ಯಾರ ವಿರುದ್ಧ ಎಂದು ನೇರವಾಗಿ ಕೇಳಿದರು. ಬಹಳ ಜನ ಒರಟು ಮಾತು ಎಂದು ಬಿಟ್ಟರು. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ನೇಟೋದವರು ಉಕ್ರೇನ್, ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದರು, ಯಾವತ್ತು ಎಂದು ಹೇಳಲಿಲ್ಲ. ಆಗಸ್ಟ್‌ನಲ್ಲಿ ಜಾರ್ಜಿಯಾದಲ್ಲಿ ಯುದ್ಧ. ಮಿಯರ್‌ಶೈಮರ್ ಇದನ್ನು ಇಟ್ಟುಕೊಂಡೇ ವಾದ ಕಟ್ಟುವುದು. ಅವರ ತೀರ್ಮಾನ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಅದರಲ್ಲಿ ಉಕ್ರೇನಿನ ಜನಕ್ಕೆ ತಮ್ಮದೇ ಒಂದು ಇಷ್ಟ ಇದೆ ಅನ್ನುವುದಕ್ಕೆ ಜಾಗವೇ ಇಲ್ಲ. ಆದರೆ 2007ರ ಭಾಷಣವನ್ನು ಪೂರ್ತಿ ಕೇಳಿದವರಿಗೆ 2022 ಆಕಾಶದಿಂದ ಬಿದ್ದಂತೆ ಅನ್ನಿಸಿರಲಾರದು.

ಜೈಶಂಕರ್ ತುಣುಕಿನ ಬಗ್ಗೆಯೂ ಒಂದು ಮಾತು. ಅದು 2022ರ ಜೂನ್‌ನಲ್ಲಿ ಸ್ಲೋವಾಕಿಯಾದ ಬ್ರಾಟಿಸ್ಲಾವಾದಲ್ಲಿ ಗ್ಲೋಬ್‌ಸೆಕ್ ವೇದಿಕೆಯಲ್ಲಿ ಆಡಿದ ಮಾತು. ಯೂರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಮಾತ್ರ ಯೂರೋಪಿನದಲ್ಲ ಅನ್ನುವ ಮನೋಭಾವದಿಂದ ಯೂರೋಪ್ ಹೊರಬರಬೇಕು ಎಂದರು. ವಾಟ್ಸಾಪಿನಲ್ಲಿ ಓಡಾಡುವುದು ಇಷ್ಟೇ. ಅವರನ್ನು ಕೇಳಿದ ಪ್ರಶ್ನೆ ಏನು? ಉಕ್ರೇನಿಗೆ ನೀವು ನೆರವಾಗದಿದ್ದರೆ, ನಾಳೆ ಚೀನಾದಿಂದ ನಿಮಗೆ ತೊಂದರೆಯಾದಾಗ ಯಾರಾದರೂ ಯಾಕೆ ನೆರವಾಗಬೇಕು? ಒಳ್ಳೆಯ ಪ್ರಶ್ನೆ. ಅದಕ್ಕೆ ಅವರು, ಚೀನಾವನ್ನು ನಿಭಾಯಿಸಲು ನಮಗೆ ಬರುತ್ತದೆ, ಜಗತ್ತಿನ ಬೆಂಬಲ ಸಿಕ್ಕರೆ ಅನುಕೂಲವೇ, ಆದರೆ ಇಲ್ಲಿ ನಾನು ಬಂದರೆ ಅಲ್ಲಿ ನೀವು ಬರಬೇಕು ಎಂಬ ವ್ಯಾಪಾರ ಹೀಗೆ ನಡೆಯುವುದಿಲ್ಲ ಎಂದರು. ಚರ್ಚೆ ಮಾಡಬೇಕಾದದ್ದು ಈ ಉತ್ತರದ ಬಗ್ಗೆ. 2020ರಲ್ಲಿ ಚೀನಾ ಸೈನಿಕರ ಜೊತೆ ಗಲ್ವಾನ್ ಘರ್ಷಣೆ ಆಗಿ ಎರಡೇ ವರ್ಷ ಆಗಿತ್ತು. ನಿಮ್ಮ ಆಫೀಸಿನಲ್ಲಿ ಮುಂದಿನ ಸಲ ಆ ಪ್ರಶ್ನೆಯನ್ನು ಕೇಳಿ ನೋಡಿ, ಜಗಳದ ದಿಕ್ಕೇ ಬದಲಾಗುತ್ತದೆ.

ಭಾರತ ಯಾರ ಪರವೂ ನಿಲ್ಲುವುದಿಲ್ಲ ಎಂಬ ದೂರು ಹೊಸದೇನೂ ಅಲ್ಲ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ನಮ್ಮ ಸರದಿ, ಕೂತಿದ್ದವರು ನಮ್ಮ ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾವ್. ಮೊದಲ ನಿರ್ಣಯಕ್ಕೆ ಹೌದು ಎಂದರು. ಎರಡನೆಯದಕ್ಕೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ, ವೋಟು ಹಾಕಲಿಲ್ಲ. ಎರಡು ದಿನ ಬಿಟ್ಟು ಒಪ್ಪಿಗೆ ತಿಳಿಸಿದರು. ಜುಲೈನಲ್ಲಿ ಮೂರನೆಯದಕ್ಕೆ ತಟಸ್ಥ. ಆಗಲೂ ಇದು ಬುದ್ಧಿವಂತಿಕೆಯೋ ಹಿಂಜರಿಕೆಯೋ ಎಂದು ಇದೇ ಥರ ವಾದ ನಡೆದಿತ್ತು.

ಸುರತ್ಕಲ್_ಬೊಳ್ಳ

ಮೇಷ್ಟ್ರೇ, ಬೆನಗಲ್ ಅವರನ್ನು ನೆನಪಿಸಿದ್ದು ಖುಷಿ ಆಯ್ತು. ಆದರೆ ಎಣ್ಣೆ ವಿಷಯ ಬಂದ ಮೇಲೆ ನಾನು ಸುಮ್ನೆ ಇರುವುದು ಹೇಗೆ ಮಾರಾಯ್ರೆ, ರಿಫೈನರಿ ಪಕ್ಕದ ಊರಿನವನು.

ಟಿವಿ ತಜ್ಞರಿಗೆ ಎಣ್ಣೆ ಅಂದರೆ ಬರೀ ನೈತಿಕತೆ ಅಥವಾ ದೇಶಪ್ರೇಮ. ಹಡಗು, ದರ, ಯಾವ ಜಾತಿಯ ಕಚ್ಚಾ ಎಣ್ಣೆ ಎಂದು ಒಬ್ಬರೂ ಮಾತಾಡುವುದಿಲ್ಲ. ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ. ಆಮೇಲೆ ಮೂರರಲ್ಲಿ ಒಂದು ಪಾಲು ದಾಟಿತು. ಯಾಕೆ? ರಿಯಾಯಿತಿ ದರಕ್ಕೆ ಸಿಕ್ಕಿತು, ನಮ್ಮ ರಿಫೈನರಿಗಳಿಗೆ ಆ ಗಂಧಕ ಜಾಸ್ತಿ ಇರುವ ಎಣ್ಣೆ ಸಂಸ್ಕರಿಸಲು ಬರುತ್ತದೆ. ಎಂಆರ್‌ಪಿಎಲ್ ಎಂಬ ಇಲ್ಲಿನ ರಿಫೈನರಿ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ್ದು, ಇಲ್ಲಿಗೂ ರಷ್ಯಾದ ಎಣ್ಣೆ ಬಂದಿದೆ. ಇಲ್ಲೇ ನೆಲದಡಿಯ ಬಂಡೆ ಕೊರೆದು ಮಾಡಿದ 15 ಲಕ್ಷ ಟನ್ನಿನ ತುರ್ತು ಸಂಗ್ರಹ ಉಂಟು, ಪಾದೂರಿನಲ್ಲಿ 25 ಲಕ್ಷ ಟನ್. ಮಂಗಳೂರಿನದ್ದರಲ್ಲಿ ಅಬುಧಾಬಿಯ ಕಂಪನಿಯ ಎಣ್ಣೆಯನ್ನೂ 2018ರಿಂದ ಇಟ್ಟಿದ್ದಾರೆ. ವಿದೇಶಾಂಗ ನೀತಿ ಅಂದರೆ ನಮಗೆ ಇದು.

ಈಗ ಮುಖ್ಯ ವಿಷಯ. 2022ರ ಡಿಸೆಂಬರ್‌ನಲ್ಲಿ ಅಮೆರಿಕವೂ ಸೇರಿದ ಶ್ರೀಮಂತ ರಾಷ್ಟ್ರಗಳ ಕೂಟ ಜಿ7ರ ದೇಶಗಳು ರಷ್ಯಾ ಎಣ್ಣೆಗೆ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದವು. ಕೊಳ್ಳಲೇಬೇಡಿ ಎಂದು ಬೇರೆಯವರಿಗೆ ಹೇಳಲಿಲ್ಲ. ಎಣ್ಣೆ ಮಾರುಕಟ್ಟೆಗೆ ಬರುತ್ತಿರಲಿ, ರಷ್ಯಾಕ್ಕೆ ದುಡ್ಡು ಮಾತ್ರ ಕಡಿಮೆ ಸಿಗಲಿ ಎಂಬ ಲೆಕ್ಕ. 2024ರ ಮೇ ತಿಂಗಳಲ್ಲಿ ಭಾರತದಲ್ಲಿದ್ದ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟಿ ವಾಷಿಂಗ್‌ಟನ್ನಿನಲ್ಲಿ, ಅಮೆರಿಕದ ಥಿಂಕ್ ಟ್ಯಾಂಕ್ ಕೌನ್ಸಿಲ್ ಆನ್ ಫಾರಿನ್ ರಿಲೇಶನ್ಸ್‌ನವರ ವೇದಿಕೆಯಲ್ಲಿ, ಭಾರತ ರಷ್ಯಾದ ಎಣ್ಣೆ ಕೊಂಡದ್ದು ಆ ಮಿತಿ ದರಕ್ಕೆ ಯಾರಾದರೂ ಕೊಳ್ಳಲಿ ಎಂದು ನಾವೇ ಬಯಸಿದ್ದರಿಂದ ಎಂದು ಬಾಯಿಬಿಟ್ಟು ಹೇಳಿದರು. ಕ್ಯಾಮೆರಾ ಮುಂದೆ! 2025ರ ಆಗಸ್ಟ್‌ನಲ್ಲಿ ಅದೇ ಎಣ್ಣೆಯ ಕಾರಣ ಕೊಟ್ಟು ಅದೇ ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ 25 ಪರ್ಸೆಂಟ್ ಸುಂಕ ಹಾಕಿತು, ಒಟ್ಟು 50 ಆಯ್ತು. ಮಧ್ಯದಲ್ಲಿ ಸರ್ಕಾರ ಬದಲಾಗಿತ್ತು, ಸರಿ. ಆದರೆ ಸುಂಕ ಬಂದ ದಿನ ಭಾರತದವರೆಲ್ಲ ಎತ್ತಿ ಹಿಡಿದದ್ದು ಗಾರ್ಸೆಟಿಯವರ ಆ ವಿಡಿಯೊವನ್ನೇ.

ಖಾಲಿ ಜೇಬಣ್ಣ, ಜಾಹೀರಾತು ಅಂದ್ರಲ್ಲ. ಥಿಂಕ್ ಟ್ಯಾಂಕ್ ಸಭೆ ಇಲ್ಲದಿದ್ದರೆ ಆ ಮಾತು ದಾಖಲೆಯಲ್ಲೇ ಇರುತ್ತಿರಲಿಲ್ಲ. ಪತ್ರಿಕಾ ಹೇಳಿಕೆಯಲ್ಲಿ ಹಾಗೆ ಬರೆಯುತ್ತಾರಾ? ಪಕ್ಕದಲ್ಲಿ ನಾಲ್ಕು ಜನ ಕೂತು, ಪ್ರೇಕ್ಷಕರಲ್ಲಿ ಯಾರೋ ಪ್ರಶ್ನೆ ಕೇಳಿ, ಸ್ವಲ್ಪ ಸಡಿಲ ಆದಾಗ ಬರುವ ಮಾತು ಅದು. ನಾನಂತೂ ಇಂಥ ಕಾರ್ಯಕ್ರಮದಲ್ಲಿ ಭಾಷಣ ಬಿಟ್ಟು ನೇರ ಪ್ರಶ್ನೋತ್ತರಕ್ಕೆ ಹೋಗುತ್ತೇನೆ. ಯಾರು ಗೆದ್ದರು ಎಂದು ಕಟ್ಟಿಕೊಂಡು ಏನಾಗಬೇಕು. ಯಾರು ಏನು ಒಪ್ಪಿಕೊಂಡರು, ಅದಷ್ಟೇ ಬೇಕು.

ಖಾಲಿ_ಜೇಬು

@ಸುರತ್ಕಲ್_ಬೊಳ್ಳ ಗಾರ್ಸೆಟಿ ವಿಷಯ ಒಪ್ಪುತ್ತೇನೆ, ಒಳ್ಳೆ ಉದಾಹರಣೆ. ಆದರೆ ವಿಡಿಯೊ ಹಿಡಿದು ತೋರಿಸಿದ್ದರಿಂದ ಸುಂಕ ಒಂದು ಪೈಸೆ ಕಮ್ಮಿ ಆಯಿತಾ? ಅಮೆರಿಕಕ್ಕೆ ಮಾಲು ಕಳಿಸುವ ತಿರುಪ್ಪೂರಿನ ಬನಿಯನ್ ಕಾರ್ಖಾನೆಯವರನ್ನು ಕೇಳಿ. ನಾವು ದಾಖಲೆ ಇಟ್ಟುಕೊಂಡು ಕೂರುತ್ತೇವೆ, ಅವರು ಆದೇಶಕ್ಕೆ ಸಹಿ ಹಾಕುತ್ತಾರೆ.

ತಿಪಟೂರು_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಲಕ್ಕಿ ನಾಡು ಅಕ್ಕ, ನಿಮ್ಮದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ತಂಗಿ ಈಗ ಓದು ಮುಗಿಸಿದಳಾ?

ಮೇಷ್ಟ್ರೇ, ಕನ್ನಡದಲ್ಲಿ ಇಂಥ ಚರ್ಚೆ ಯಾಕೆ ಇಲ್ಲ? ನಮ್ಮ ಎಸ್.ಎಂ. ಕೃಷ್ಣ ಮೂರು ವರ್ಷ ವಿದೇಶಾಂಗ ಸಚಿವರಾಗಿದ್ದರು, ಜನಕ್ಕೆ ನೆನಪಿರುವುದು 2011ರಲ್ಲಿ ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣ ಓದಿದ್ದು ಮಾತ್ರ.

ಮೇಷ್ಟ್ರು_ಮೈಸೂರು

ಬೆಂಗಳೂರಿನಲ್ಲಿ ತಕ್ಷಶಿಲಾ ಎಂಬ ಅಧ್ಯಯನ ಸಂಸ್ಥೆ ಇದೆ, ಐಐಎಸ್‌ಸಿ ಆವರಣದಲ್ಲಿ ನಿಯಾಸ್ ಎಂಬ ಇನ್ನೊಂದು ಸಂಸ್ಥೆ ಇದೆ. ಇಬ್ಬರೂ ಗಂಭೀರ ಕೆಲಸ ಮಾಡುವವರು, ಆದರೆ ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇಲ್ಲದಿರುವುದಕ್ಕೆ ಕಾರಣ ಕೇಳುವವರು ಇಲ್ಲ ಎಂದಲ್ಲ. ಗಲ್ಫ್‌ನಲ್ಲಿ ನಮ್ಮ ಕರಾವಳಿಯವರು ಇದ್ದಾರೆ, ಅಮೆರಿಕದ ವೀಸಾ ನಿಯಮ ಬದಲಾದರೆ ಮೈಸೂರಿನ ಅರ್ಧ ಮನೆಗಳಲ್ಲಿ ನಿದ್ದೆ ಇಲ್ಲ. ಕೇಳುವವರು ಇದ್ದಾರೆ, ಎಂಟು ಕಿಟಕಿಯ ಕಾರ್ಯಕ್ರಮಕ್ಕೆ ಖರ್ಚು ಕಡಿಮೆ, ಅಷ್ಟೇ.

ಪೂರ್ತಿ ಓದುವ ತಾಳ್ಮೆ ಇದ್ದರೆ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯ ವರದಿಗಳನ್ನು ನೋಡಿ, ಲೋಕಸಭೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಎಲ್ಲ ಪಕ್ಷದವರೂ ಇರುತ್ತಾರೆ, ಇಲಾಖೆಯ ಅಧಿಕಾರಿಗಳನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಕ್ಷಿಪಣಿಯ ಗ್ರಾಫಿಕ್ಸ್ ಇರುವುದಿಲ್ಲ.

ಏಲಕ್ಕಿ_ನಾಡು

ಮುಗಿಸಿದಳು ತಮ್ಮ, ಬೇರೆ ದೇಶಕ್ಕೆ ವರ್ಗ ಮಾಡಿಸಿಕೊಂಡು. ಈಗ ಇಲ್ಲಿ ವೈದ್ಯಕೀಯ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾಳೆ. ಚಿಕ್ಕಪ್ಪ ಇನ್ನೂ ಅದೇ ಚಾನೆಲ್ ನೋಡುತ್ತಾನೆ, ಏನು ಮಾಡೋಣ ಹೇಳಿ.